ಹೊಲಿಗೆ ಮಾತ್ರ ನನ್ನದು

ಅವರು ಸಮುದ್ರಕ್ಕೆ ಹೋದ ಎಂಟು ದಿನ
ನಾನು ಹದಿನೈದನೇ ನಂಬರಿನ ಟ್ರಾಮು ಓಡಿಸುತ್ತಿದ್ದೆ,
ವುಚ್ ನಗರದ ಈ ತುದಿಯಿಂದ ಆ ತುದಿಗೆ,
ಆ ತುದಿಯಿಂದ ಈ ತುದಿಗೆ.
ಆಗಸ್ಟಿನಲ್ಲಿ ರಜೆ ಬಿಟ್ಟುಕೊಟ್ಟವರಿಗೆ ಒಂದೂವರೆ ಪಟ್ಟು ಸಂಬಳ.
ಹಳಿ ಬಿಟ್ಟು ಹೋಗಲು ನನಗೆ ಬರುವುದೂ ಇಲ್ಲ.

ಈಗ ಅಕ್ಟೋಬರ್. ಅಡುಗೆಮನೆಯ ಮೇಜಿನ ಮೇಲೆ
ಶೂ ಡಬ್ಬಿಯೊಂದು ಬೋರಲಾಗಿದೆ:
ರೈಲಿನ ಟಿಕೇಟು, ದೋಣಿಯ ಟಿಕೇಟು,
ಕಾಫಿಯಂಗಡಿಯ ಸಕ್ಕರೆ ಪೊಟ್ಟಣ, ಕಡಲಹಕ್ಕಿಯ ಪುಕ್ಕ,
ಟವೆಲ್ಲಿನಿಂದ ಎಳೆದ ಒಂದು ನೀಲಿ ನೂಲು,
ಮತ್ತೆ ಮರಳು.
ಯಾರೂ ಎತ್ತಿಟ್ಟದ್ದಲ್ಲ, ತಾನಾಗಿ ಬಂದದ್ದು.

ಯಾಗ್ನಾಗೆ ಒಂಬತ್ತು ವರ್ಷ. ಪುಸ್ತಕದ ಯಜಮಾನಿ ಅವಳೇ.
ಕತ್ತರಿ ಅವಳದು, ಗೋಂದು ಅವಳದು,
ಯಾವುದು ಎಲ್ಲಿ ಎನ್ನುವ ತೀರ್ಪೂ ಅವಳದು.
ಎವೆಲಿನಾ ಊರು, ತಾರೀಖು ಬರೆಯುತ್ತಾಳೆ,
ಆಸ್ಪತ್ರೆಯ ರಿಜಿಸ್ಟರಿನಲ್ಲಿ ಬರೆಯುವ ಅದೇ ದುಂಡು ಅಕ್ಷರದಲ್ಲಿ.
ನನ್ನ ಪಾಲಿಗೆ ಬಂದದ್ದು ಬೈಂಡು.
"ನೀನು ಬಂದಿರಲಿಲ್ಲವಲ್ಲ ಅಪ್ಪ,
ನೀನು ಹೊಲಿ."

ಹೊಲಿಯುತ್ತೇನೆ. ನನ್ನಜ್ಜಿ ಬಟ್ಟೆಗಿರಣಿಯಲ್ಲಿ
ಲೆಕ್ಕದ ಪುಸ್ತಕ ಹೊಲಿಯುತ್ತಿದ್ದಳು.
ಅವಳ ದಬ್ಬಣದ ಹಿಡಿ ಸವೆದು
ಹೆಬ್ಬೆರಳಿನಷ್ಟು ಗುಳಿ ಬಿದ್ದಿದೆ;
ನನ್ನ ಹೆಬ್ಬೆರಳು ಅದರಲ್ಲಿ ಕೂರುವುದಿಲ್ಲ.
ಮಡಿಸಿದ ಹಾಳೆಯ ಬೆನ್ನಿಗೆ ಐದು ತೂತು,
ದಾರಕ್ಕೆ ಮೇಣ,
ಒಳಗಿಂದ ಹೊರಗೆ, ಹೊರಗಿಂದ ಒಳಗೆ.
ಇದೂ ಟ್ರಾಮಿನ ದಾರಿಯೇ.

ಅಂಟಿಸಿ ಒಣಗಿದ ಹಾಳೆಗಳು ಒಂದೊಂದಾಗಿ
ನನ್ನ ಕಡೆ ಜಾರಿ ಬರುತ್ತವೆ.
ಹೀಗೆ ನನಗೆ ಬಾಲ್ಟಿಕ್ ಕಂಡಿತು,
ತಲೆಕೆಳಗಾಗಿ, ಮೇಜಿನ ಈಚೆ ಬದಿಯಿಂದ.

ಯಸ್ತಾರ್ನಿಯಾದ ಪುಟದಲ್ಲಿ ಒಂದು ಹಳದಿ ಚೂರು.
"ಅಂಬರ್" ಅಂದಳು ಮಗಳು.
"ಬಿಯರ್ ಬಾಟಲಿ" ಅಂದಳು ತಾಯಿ.
ದೀಪಕ್ಕೆ ಹಿಡಿದು ನಾನು ಹೇಳಬೇಕಂತೆ.
ಎರಡಕ್ಕೂ ಈ ಗೋಂದು ಹಿಡಿಯುವುದಿಲ್ಲ ಅಂದೆ.
ಅದಕ್ಕೊಂದು ಜೇಬು ಹೊಲಿದುಕೊಟ್ಟೆ.

ಒಂದು ದಿನ ಬರೀ ಮಳೆ. "ಅದನ್ನು ಹಾರಿಸೋಣ" ಎಂದಳು ಎವೆಲಿನಾ.
ಯಾಗ್ನಾ ಕೇಳಲಿಲ್ಲ. ಇಡೀ ಹಾಳೆ ಖಾಲಿ ಬಿಟ್ಟು
ಮೂಲೆಯಲ್ಲಿ ಬರೆದಳು:
ಗುರುವಾರ. ಅಮ್ಮ ಮಾತಾಡಲಿಲ್ಲ.
"ತಲೆನೋವಿತ್ತು" ಎಂದಳು ಎವೆಲಿನಾ,
ನನಗೋ, ದಾರದುಂಡೆಗೋ.
ಆ ಹಾಳೆಯನ್ನೂ ಹೊಲಿದೆ, ತೂತು ತಪ್ಪದಂತೆ.

ಆಮೇಲೆ ಮೀನಂಗಡಿಯ ಚೀಟಿ,
ಎಣ್ಣೆ ಕುಡಿದು ಗಾಜಿನಂತಾಗಿತ್ತು.
ಕರಿದ ಚಪ್ಪಟೆ ಮೀನು, ತಟ್ಟೆ ಮೂರು.

ಮೂರು?

ಸೂಜಿ ನಿಂತಿತು. ಫ್ರಿಜ್ಜು ಗುಂಯ್‌ಗುಟ್ಟುವುದು ಕೇಳಿಸಿತು.
ಮೂರು ತಟ್ಟೆ, ಗುರುವಾರ, ಮಾತಾಡದ ಅಮ್ಮ:
ಮನಸ್ಸು ಒಂದೇ ಉಸಿರಿಗೆ ಲೆಕ್ಕ ಹಾಕಿ ಮುಗಿಸಿತು.
ಆ ಮೀನಿಗೆ ಎರಡೂ ಕಣ್ಣು ಒಂದೇ ಮಗ್ಗುಲಲ್ಲಿ.
ಇನ್ನೊಂದು ಮಗ್ಗುಲು ಪೂರ್ತಿ ಕುರುಡು.

"ಅದು ನಿಂದು" ಎಂದಳು ಯಾಗ್ನಾ,
ತಲೆಯೆತ್ತದೆ, ಚೀಟಿಯ ಅಂಚು ಕತ್ತರಿಸುತ್ತ.
"ಖಾಲಿ ಕುರ್ಚಿಯ ಮುಂದೆ ಇಟ್ಟಿದ್ದೆವು.
ಕಣಜ ಬಂದವು. ಆಮೇಲೆ ಅಮ್ಮನೇ ತಿಂದಳು."
ಎವೆಲಿನಾ ಎದ್ದು ಚಹಕ್ಕೆ ನೀರಿಟ್ಟಳು.
"ದುಡ್ಡು ಕೊಟ್ಟಾಗಿತ್ತು" ಅಂದಳು, ಬೆನ್ನು ಈ ಕಡೆಗಿತ್ತು.

ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ನಾವೂ ಇಡುತ್ತೇವೆ,
ಹೇಳದೆ ಬರುವವರಿಗೆಂದು ಒಂದು ತಟ್ಟೆ ಹೆಚ್ಚಿಗೆ.
ಇಷ್ಟು ವರ್ಷ ಯಾರೂ ಬಂದದ್ದಿಲ್ಲ.
ಆ ಬಾರದವನು ನಾನೇ ಆಗಿದ್ದು
ಇದೇ ಮೊದಲು.

ಪುಸ್ತಕ ಮುಚ್ಚುತ್ತಿಲ್ಲ. ಪುಕ್ಕ, ಸಕ್ಕರೆ, ಆ ಅಂಬರ್
ಒಳಗಿನಿಂದ ರಟ್ಟನ್ನು ದೂಡುತ್ತಿವೆ.
ಮೇಲೆ ಕಬ್ಬಿಣದ ಬಾಣಲೆ ಹೇರಬೇಕು ಇವತ್ತು ರಾತ್ರಿ.

"ಕೊನೆಯ ಹಾಳೆಗೆ ನಿಂದೇನಾದರೂ ಕೊಡು" ಎಂದಳು.
ಜೇಬು ತಡವಿದೆ. ಕೀಲಿಕೈ, ಕರವಸ್ತ್ರ.
ಓಡಿಸುವವನಿಗೆ ಟಿಕೇಟು ಇರುವುದಿಲ್ಲ ಮಗಳೇ.
ಗಂಟು ಹಾಕಿ ದಾರದ ಬಾಲ ಕತ್ತರಿಸಲು ಹೋದೆ.
"ತಾಳು" ಎಂದು ಅದನ್ನೇ ಎಳೆದು
ಖಾಲಿ ಹಾಳೆಯ ಮೇಲೆ ಅಡ್ಡಕ್ಕೆ ಮಲಗಿಸಿ
ಬೆರಳಿನಿಂದ ಗೋಂದು ಒತ್ತಿದಳು.
ಕೆಳಗೆ ಬರೆದಳು: ಹದಿನೈದನೇ ನಂಬರು.