ಹನ್ನೆರಡು ಹಾಳೆ

ಟಾಲಿನ್ನಿನ ಕೊಪ್ಲಿ. ಮಧ್ಯಾಹ್ನ ಮೂರೂವರೆಗೇ ಕತ್ತಲು.
ಲೀವಿ ಪೆನ್ಸಿಲ್ಲಲ್ಲಿ ಬರೆದ ಮುದುಕಿ
ಸ್ಕ್ಯಾನರಿನ ಬೆಳಕು ದಾಟಿ ಪರದೆಗೆ ಬಂದಿದ್ದಾಳೆ,
ಬಲಗೈಯಲ್ಲಿ ಹೊಗೆಮೀನಿನ ಚೀಲ.

ಹಿಮ್ಮಡಿ ಊರಿದ್ದು, ಮೈ ತಗ್ಗಿದ್ದು,
ಕಾಲು ಕಾಲನ್ನು ದಾಟಿದ್ದು, ಮೇಲೆದ್ದದ್ದು.
ಈರುಳ್ಳಿ ಸಿಪ್ಪೆ ಎನ್ನುತ್ತಾರೆ ಇದಕ್ಕೆ:
ಹಿಂದಿನ ಹೆಜ್ಜೆ ಕೆಂಪಗೆ, ಮುಂದಿನದು ಹಸಿರಾಗಿ,
ನಡುವೆ ಈಗಿನದು, ಕಪ್ಪು, ಇನ್ನೂ ಅರ್ಧ.

ಹನ್ನೆರಡನೆಯದು ಒಂದಕ್ಕೆ ಕೂಡಿತು.
ಗುಂಡಿ ಒತ್ತಿದಳು. ನಡೆದಳು ಮುದುಕಿ,
ಇದ್ದಲ್ಲೇ.
ನೆಲವನ್ನು ಹಿಂದಕ್ಕೆಳೆದರೆ ಮಾತ್ರ
ಊರಿದ ಪಾದ ಜಾರುತ್ತದೆ, ಕೂದಲೆಳೆಯಷ್ಟು,
ಪ್ರತಿ ಸಲ, ಅದೇ ಜಾಗದಲ್ಲಿ.

ಅಳಿಸಿದಳು. ತಿದ್ದಿದಳು.
ಐದನೆಯ ಹಾಳೆಯನ್ನೇ ಹೊಸದಾಗಿ ಬರೆದಳು.
ಜಾರಿತು.

ಆರಿದ ಕಾಫಿ ಹಿಡಿದು ಕಿಟಕಿಗೆ ಹಣೆ ಆನಿಸಿದರೆ
ಕೆಳಗೆ ಟ್ರ್ಯಾಮ್ ನಿಲ್ದಾಣದಲ್ಲಿ ಹೆಲ್ವೆ,
ತಾನು ನೋಡಿ ಬರೆದ ಅದೇ ಹೆಲ್ವೆ, ಮಂಜುಗಡ್ಡೆಯ ಮೇಲೆ
ಊರಿದ ಕಾಲು ಚೂರೇ ಜಾರಿ,
ಚೀಲ ಆ ಕಡೆ ತೂಗಿ, ಸಾವರಿಸಿಕೊಂಡು,
ಹೊರಟೇಹೋದ ಟ್ರ್ಯಾಮಿಗೆ ಬೈಯುತ್ತ.

ಪಾದವನ್ನು ಮತ್ತೆ ಮುಟ್ಟಲಿಲ್ಲ ಲೀವಿ.
ಮುದುಕಿಯ ಕೆಳಗೆ ಹೊಸ ಪದರ ತೆರೆದು
ನೀಲಿಯಲ್ಲಿ ಒಂದೇ ಗೆರೆ ಎಳೆದಳು.
ಆಮೇಲೆ ಚೀಲವನ್ನು
ಎರಡು ಫ್ರೇಮು ತಡಮಾಡಿಸಿದಳು.