ನೆರೆಯ ಸರಾಸರಿ

ನೀರಿನ ಬಿಲ್ಲಿನ ಬಲಮೂಲೆಯಲ್ಲಿ, ಮೊತ್ತದ ಪಕ್ಕ,
ಹೆಬ್ಬೆರಳಿನಗಲ ಖಾಲಿ ಜಾಗ.
ಅಲ್ಲೊಂದು ಮುಖ ಅಂಟಿಸುವುದು ನನ್ನ ಕೆಲಸ.
ಹಳದಿಯದು ನಗುತ್ತದೆ: ನೆರೆಯವರಿಗಿಂತ ಕಡಿಮೆ ಬಳಸಿದಿರಿ.
ಕೆಂಪಿನದು ತುಟಿ ಕೆಳಗೆಳೆಯುತ್ತದೆ: ಹೆಚ್ಚು ಬಳಸಿದಿರಿ.
ಅಷ್ಟೇ.
ದಂಡವಿಲ್ಲ, ನಲ್ಲಿ ಕಡಿಯುವ ಮಾತಿಲ್ಲ,
ಮೇಯರರ ಸಹಿಯೂ ಇಲ್ಲ.

ರಾಜಧಾನಿಯಿಂದ ಎಲಿಯೆಸೆರ್ ಬಂದಿದ್ದ,
ಲ್ಯಾಪ್‌ಟಾಪು, ಎರಡು ಸಾವಿರ ಮುಖಗಳ ಸುರುಳಿ ಹೊತ್ತು.
"ಆಜ್ಞೆ ಮಾಡಿದರೆ ಜನ ಕಲ್ಲಾಗುತ್ತಾರೆ, ಯೋರ್ಲೆನಿ.
ಮೊಣಕೈ ಮೆಲ್ಲಗೆ ತಾಗಿಸಿ ಸಾಕು,
ಬಸ್ಸಿನ ಸೀಟಿನಲ್ಲಿ ಸರಿದಂತೆ
ತಾವಾಗಿಯೇ ಸರಿಯುತ್ತಾರೆ."
ಇಪ್ಪತ್ತೆರಡು ವರ್ಷ ಈ ಕೌಂಟರಿನಲ್ಲಿ ಕೂತು
ಬೇಡಿದ್ದೇನೆ, ಬೈದಿದ್ದೇನೆ, ಗೋಡೆಗೆ ಬರೆಸಿದ್ದೇನೆ;
ಒಂದು ಅಂಟುಕಾಗದಕ್ಕೆ ಬಗ್ಗುತ್ತಾರೆಯೇ ಅಂತ ನಕ್ಕೆ.

ಬಗ್ಗಿದರು.
ಕ್ಷೌರದ ಫ್ಲೊರೆಂತೀನೊ ನೊರೆ ಹಚ್ಚುವಾಗ ನಲ್ಲಿ ತಿರುಗಿಸಿದ.
ಹಾರ್ಡ್‌ವೇರ್ ಅಂಗಡಿಯವನು ಹಗಲು ಲಾರಿ ತೊಳೆಯುವುದು ಬಿಟ್ಟ
(ರಾತ್ರಿ ತೊಳೆಯುತ್ತಾನೆ, ನಾಯಿಗಳಿಗೆ ಗೊತ್ತು).
ಜನ ಬೇಲಿಯ ಮೇಲಿಂದ ಕೇಳತೊಡಗಿದರು,
ಎಷ್ಟು ಬಂತು ಅಂತಲ್ಲ,
ಯಾವ ಮುಖ ಬಂತು ಅಂತ.
ದೋನ್ಯಾ ಎರ್ಮೆಲಿಂದಾ ತನ್ನ ಹಳದಿ ಮುಖಕ್ಕೆ ಚೌಕಟ್ಟು ಹಾಕಿಸಿ,
ಮರುತಿಂಗಳೇ ಮೊಮ್ಮಕ್ಕಳಿಗೆ ರಬ್ಬರ್ ಕೊಳ ತುಂಬಿಸಿದಳು:
"ಅದು ನಗ್ತಾ ಇತ್ತಲ್ಲ,
ಇನ್ನೂ ಸ್ವಲ್ಪ ಮಿಕ್ಕಿದೆ ಅಂದ್ಕೊಂಡೆ."

ಅಕ್ಟೋಬರಿನಲ್ಲಿ ನದಿಯಿಂದ ಬರುವ ನೆರೆ
ಮಂಚದ ಕಾಲು ಮುಟ್ಟಿ ಇಳಿದುಹೋಗುತ್ತದೆ.
ಬೇಲಿಯಾಚೆಯ ನೆರೆ ಇಳಿಯುವುದಿಲ್ಲ.
ಅದಕ್ಕೆ ಕಣ್ಣಿದೆ.
ಮಾರ್ಚಿನಲ್ಲಿ, ತೊಟ್ಟಿಯ ತಳದ ಕೆಸರು ಬಿರಿಯುವ ಹೊತ್ತು,
ಆ ಕಣ್ಣೇ ನಮಗೆ ನೀರು ಉಳಿಸಿಕೊಟ್ಟಿತು.
ಸುಳ್ಳು ಹೇಳಲಾರೆ.
ಗುಡ್ಡದ ಮೇಲಿನ ಓಣಿಗೆ ಮೊದಲ ಸಲ
ಸಂಜೆಯ ನೀರು ಹತ್ತಿತು.

ಸೇತುವೆಯಾಚೆ, ಹದಿನಾಲ್ಕನೇ ಮೀಟರು, ಗ್ರಿಸೆಲ್ದಾ.
ಸಾಲಾಗಿ ಮೂರು ಕೆಂಪು.
ಮೂರನ್ನೂ ನೀಟಾಗಿ ಮಡಿಸಿ ತಂದು
ಕೌಂಟರಿನ ಮೇಲೆ ಹರಡಿದಳು, ಇಸ್ಪೀಟಿನೆಲೆಯಂತೆ.
ಕೂಗಲಿಲ್ಲ.
"ನಮ್ಮಣ್ಣ ಹಾಸಿಗೆ ಹಿಡಿದು ಹನ್ನೊಂದು ತಿಂಗಳು.
ದಿನಕ್ಕೆ ನಾಲ್ಕು ಚಾದರ ಒಗೀತೀನಿ.
ಈ ನಿಮ್ಮ ಸರಾಸರಿಯಲ್ಲಿ
ಅವನು ಎಲ್ಲಿ ಮಲಗಿದ್ದಾನೆ, ಸ್ವಲ್ಪ ತೋರಿಸ್ತೀರಾ?"
ನಾನು ತೋರಿಸಿದ್ದು ದೂರಿನ ಅರ್ಜಿ, ನೀಲಿ ಬಣ್ಣದ್ದು.
ಅದರಲ್ಲಿ ಪೈಪು ಒಡೆದದ್ದಕ್ಕೆ ಕಾಲಂ ಇದೆ,
ಮೀಟರು ಕೆಟ್ಟದ್ದಕ್ಕೆ ಇದೆ.
ಅವಳು ಓದಿ, ಹಾಗೇ ಹಿಂದಿರುಗಿಸಿದಳು.
ಬಾಗಿಲ ತನಕ ಹೋಗಿ ತಿರುಗಿ ಅಂದಳು,
"ಈಗ ಎರಡೇ ಒಗೀತೀನಿ.
ಪಕ್ಕದವರು ನೋಡ್ತಾರೆ."

ಏಪ್ರಿಲಿನ ರೀಡಿಂಗ್ ಬಂತು.
ಹದಿನಾಲ್ಕನೇ ಮೀಟರು: ಆರು ಘನಮೀಟರು.
ಇಡೀ ಬೀದಿಗೇ ಕಡಿಮೆ.
ಬೆರಳಿಗೆ ಅಭ್ಯಾಸವಾಗಿಬಿಟ್ಟಿತ್ತು, ನೋಡಿ,
ಕಣ್ಣು ಅಂಕಿ ಓದುವ ಮೊದಲೇ
ಹಳದಿ ಮುಖವನ್ನು ಸುರುಳಿಯಿಂದ ಕಿತ್ತಾಗಿತ್ತು.
ಆಗ ನೆನಪಾಯಿತು,
ಹೋದ ಮಂಗಳವಾರ ಮಧ್ಯಾಹ್ನ ಚರ್ಚಿನ ಗಂಟೆ,
ನಿಧಾನದ್ದು.
ಯಾರಿಗೆಂದು ಕೇಳದೆ ನಾನು ಊಟ ಮುಗಿಸಿದ್ದೆ.

ಮುಖ ನಗುತ್ತಲೇ ಇತ್ತು ಬೆರಳ ತುದಿಯಲ್ಲಿ.
ಅದಕ್ಕೆ ಬೇರೇನೂ ಬರುವುದಿಲ್ಲ.

ತಿಂಗಳ ಕೊನೆಗೆ ಎಲಿಯೆಸೆರ್ ಫೋನು ಮಾಡಿದ.
ಫಲಿತಾಂಶ ಚೆನ್ನಾಗಿದೆ, ಅಭಿನಂದನೆ,
ಆದರೆ ಲೆಕ್ಕದಲ್ಲಿ ಒಂದು ಬಿಲ್ಲು ಖಾಲಿ ಹೋಗಿದೆಯಲ್ಲ, ಏಕೆ?
"ಗೋಂದು ಹಿಡಿಯಲಿಲ್ಲ" ಅಂದೆ.
"ಸರಿ, ಬಿಡಿ, ಒಂದು ತಾನೆ" ಅಂದ, ಒಳ್ಳೆಯ ಹುಡುಗ.

ಗೋಂದು ಚೆನ್ನಾಗಿಯೇ ಹಿಡಿಯುತ್ತದೆ.
ಡ್ರಾಯರಿನ ಒಳಬದಿಗೆ ಒತ್ತಿಟ್ಟಿದ್ದೇನೆ.
ಪೆನ್ನಿಗೆ ಕೈ ಹಾಕಿದಾಗಲೆಲ್ಲ
ಮೊಣಕೈಗೆ ತಾಗುತ್ತದೆ.