ಉಳಿದ ಮುಕ್ಕಾಲು

ಮಿಂಗೆಲ್ ಬಾಬ್ ಹಡಗ ಹತ್ತೂ ಮುಂದ
ಒಂದು ಹಾಳಿ ಕೊಟ್ಟು ಹೋದ್ರು.
ನನಗ ಓದಾಕ ಬರೂದಿಲ್ಲಂತ ಗೊತ್ತು,
ಎಲ್ಲಾ ಚಿತ್ರಾನ ಬರದಿದ್ರು:
ಒಂದು ಬ್ಯಾಟರಿ, ಅದಕ್ಕೆರಡು ಕೊಂಬು,
ಒಂದು ಇಟ್ಟಂಗಿ, ಒಂದು ಇಲಿ.
ಇಲಿಗೆ ಮೀಸಿ ಬಾಳ ಚಂದ ಬಂದಿದ್ವು.

ಅವರು ಒಂಬತ್ತು ತಿಂಗಳು ಹಡಗಿನ ಹೊಟ್ಯಾಗ.
ಗಾಡಿ ಇಲ್ಲಿ, ಚಿಕಾಲಿಮಿನಾಗ, ನನ್ನ ಕೈಯಾಗ.

ಐತ್ವಾರಕ್ಕೊಮ್ಮೆ ಅದರ ಕೌದಿ ತಗೀತೀನಿ.
ತಂದಾಗ ಬೂದಿ ಬಣ್ಣ ಇತ್ತು,
ಬಂದರದ ಕಲ್ಲಿದ್ದಲ ಗಾಳಿಗೆ ಈಗ ಹಂಚಿನ ತಳ.
ಝಾಡಿಸಿದ್ರ ಮೂಗಿನಾಗ ಕಾಡಿಗಿ,
ನಾಲಿಗಿ ಮ್ಯಾಲ ಉಪ್ಪು.
ನಿಂತದ್ದನ್ನ ಎಲ್ಲಾರೂ ತಿಂತಾರ.

ಬ್ಯಾಟರಿಗೆ ಎರಡು ವಾಯರ್.
ಬಿಚ್ಚೂ ಮುಂದ ಕರೇದು ಮೊದಲ,
ಹಚ್ಚೂ ಮುಂದ ಕರೇದು ಕಡೀಕ.
ಊಟಕ್ಕ ಕಡೀಕ ಕುಂದ್ರಿಸಿ ಮೊದಲ ಎಬ್ಬಸೂ ಪೈಕಿ ಅದು.
ಅದರ ಮ್ಯಾಲ ನನಗೊಂದು ಜೀವ ಜಾಸ್ತಿ.

ಹ್ಯಾಂಡ್‌ಬ್ರೇಕ್ ಎಳ್ಯಾಂಗಿಲ್ಲ.
ಮಳಿಗಾಲದಾಗ ಎಳದಿಟ್ರ ಕಚ್ಚಿಕೊಂಡು ಕುಂದ್ರತೈತಿ,
ಆಮ್ಯಾಲ ಬಿಡು ಅಂದ್ರ ಬಿಡೂದಿಲ್ಲ.
ಗಾಲಿಗೆ ಇಟ್ಟಂಗಿ ಸಾಕು.
ಹಿಡದಂಗೂ ಇರಬೇಕು, ಹಿಡೀದಂಗೂ ಇರಬೇಕು.

ಇಲಿಗೆ ನನ್ನ ಸಂಚಿಯ ತಂಬಾಕ, ನಿಪ್ಪಾಣಿದು,
ಎಂಜಿನ್ನಿನ ಸಂದ್ಯಾಗ ಅರ್ಧ, ನನ್ನ ದವಡ್ಯಾಗ ಅರ್ಧ.
ಇಲಿ ಬರಲಿಲ್ಲ.
ಎಲಿ ಮಡಚಿದಾಗೆಲ್ಲಾ ನನಗ ಪೆಟ್ರೋಲಿನ ವಾಸನಿ.

ಆಷಾಢಕ್ಕ ಸೀಟಿನ ಮ್ಯಾಲ ಬೂಸ್ಟು,
ಹಸುಗೂಸಿನ ನೆತ್ತಿ ಕೂದಲಿನಂಗ ಮೆತ್ತಗ.
ಕಿಡಕಿ ಇಳಿಸಿ, ವಿನಿಗರದ ಅರಿವಿಲೆ ಒರಸಿ,
ಹೊರಗ ಬಿಸಲು ಬಂತೇನಂತ ನೋಡೂದು.
ಬರೂದಿಲ್ಲ.

ಇನ್ನ ಟಾಯರು.
ಒಂದ ಮಗ್ಗಲ ಮಲಗಿದ್ರ ಮೈ ಚಪ್ಪಟಿ ಆಗತೈತಿ.
ಇದನ್ನ ಮಾತ್ರ ಯಾರೂ ಬರದು ತೋರಸಬೇಕಾಗಿರಲಿಲ್ಲ.
ಅತ್ತೀನ್ನ ಎರಡು ವರ್ಷ
ಹಾಸಿಗ್ಯಾಗ ಹೊರಳಿಸಿದ ಕೈ ಇದು.

ಮೀಟರಿನ ಡಬ್ಬಿಯಿಂದ ನೀರಿನ ಪೈಪಿನ ತನಕಾ
ಹತ್ತು ಅಡಿ ಮುಂದ,
ಹತ್ತು ಅಡಿ ಹಿಂದ.
ಲೈಸೆನ್ಸ್ ಇಲ್ಲ. ಹತ್ತಡಿಗೆ ಯಾವ ಪೊಲೀಸ?
ನೆತ್ತಿ ಮ್ಯಾಲ ದಾಬೋಲಿಮಿಗೆ ಇಮಾನ ಇಳೀತೈತಿ,
ಸಾವಿರ ಹರದಾರಿಯಿಂದ ಬಂದ ಮಂದಿ,
ಅವರ ಗಾಲಿಗೂ ಬ್ರೇಕು, ನನ್ನ ಗಾಲಿಗೂ ಬ್ರೇಕು.

ಒಂಬತ್ತು ತಿಂಗಳಿಗೆ ಬಾಬ್ ಬಂದ್ರು.
ಕಿಸೆಯೊಳಗಿನ ಚೀಟಿ ತಗದ್ರು, ಮೀಟರ್ ನೋಡಿದ್ರು,
ಮತ್ತ ಚೀಟಿ ನೋಡಿದ್ರು.
ಒಂದು ಕಿಲೋಮೀಟರ್ ಹೆಚ್ಚ ಐತಿ.
ಹೊಳೆವ್ವಾ, ಎಲ್ಲಿಗೆ ಹೋಗಿದ್ದಿ?

ಹತ್ತಡಿ ಮುಂದ, ಹತ್ತಡಿ ಹಿಂದ, ಅಂದೆ.
ಹಿಂದ ಬಂದದ್ದನ್ನೂ ಅದು ಮುಂದ ಅಂತಾನ ಎಣಿಸತೈತಿ, ಅಂದೆ.
ಅವರು ಕೌದಿ ಮ್ಯಾಲಿನ ಕರೀ ಧೂಳಿನಾಗ
ಬಟ್ಟಿಲೆ ಲೆಕ್ಕ ಹಾಕಿದ್ರು.
ನಾಲ್ವತ್ತು ಐತ್ವಾರ, ಎಂಟುನೂರು ಅಡಿ,
ಕಿಲೋಮೀಟರಿನ ಕಾಲು ಭಾಗ.
ಉಳಿದ ಮುಕ್ಕಾಲು?

ನೀವು ಬಿಟ್ಟು ಹೋದಾಗ
ಅದರ ಹೊಟ್ಯಾಗ ಇತ್ತೋ ಏನೋ, ಬಾಬ್, ಅಂದೆ.

ಹೇಳಲಿಲ್ಲ.
ಸಾಂಜಾಂವ್ ಹಬ್ಬದ ದಿನ
ಬಿಲ್ಡಿಂಗಿನ ಮಂದಿಯೆಲ್ಲಾ ತಲಿಗೆ ಹೂಬಳ್ಳಿ ಸುತಕೊಂಡು
ಬಾವಿಗೆ ಜಿಗ್ಯಾಕ ಹೋಗಿದ್ರು,
ಗೇಟು ಹಾರು ಹೊಡದಿತ್ತು,
ಮಳಿ ಅಂದ್ರ ಅಂಥಾ ಮಳಿ.
ನೀರಿನ ಪೈಪ್ ಬಂತು, ಕಾಲು ಬ್ರೇಕಿಗೆ ಹೋಗಲಿಲ್ಲ.
ಗೇಟು ದಾಟಿ, ಇಳುಕಲ ಇಳದು, ಬಿಳೀ ಕ್ರೂಸಿನ ತನಕಾ,
ಅಲ್ಲೊಂದು ನಾಯಿ ನೆನಕೊಂಡು ನಿಂತಿತ್ತು,
ಅದು ನನ್ನ ನೋಡಿತು,
ತಿರುವಿಕೊಂಡು ಬಂದೆ.
ವೈಪರಿಗೂ ಒಂದೀಟು ಕೆಲಸ ಬೇಕಲ್ಲ,
ಹಾಳಿಯಾಗ ಅದರ ಚಿತ್ರಾ ಬರಿಯೂದು ಮರತಿದ್ರು ಅವರು.

ಬಾಬ್ ನನ್ನ ನೋಡಿದ್ರು, ಟಾಯರ್ ಒತ್ತಿ ನೋಡಿದ್ರು,
ಸೀಟು ಮೂಸಿ ನೋಡಿದ್ರು,
ಚಾವಿ ತಿರುವಿದ್ರು.
ಒಂದ ಹೊಡತಕ್ಕ ಹತ್ತಿತು.